ದೇಶದ ಪ್ರಾರ್ಥನೆ ಗಂಡಸರ ಪಾಲು

ಪ್ರಾರ್ಥನೆ ನಡೆಯುವಾಗ ನಾನು ಕಣ್ಣು ಮುಚ್ಚುವುದಿಲ್ಲ. ಚಿಕ್ಕಂದಿನ ಚಟ, ಅವ್ವ ಎಷ್ಟು ಸಲ ತೊಡೆ ಚಿವುಟಿದರೂ ಹೋಗಲಿಲ್ಲ. ಎಲ್ಲರೂ ಕಣ್ಣು ಮುಚ್ಚಿದಾಗ ಯಾರು ಆಕಳಿಸುತ್ತಾರೆ, ಯಾರು ಕಳ್ಳತನದಿಂದ ಗಡಿಯಾರ ನೋಡುತ್ತಾರೆ ಎಂದು ನೋಡುವ ಸುಖವೇ ಬೇರೆ. ದೇವರು ಇದನ್ನು ಕ್ಷಮಿಸಿದ್ದಾನೆಂದೇ ನನ್ನ ನಂಬಿಕೆ.

ಪುಣೆಯ ನಮ್ಮ ಕನ್ನಡ ಕ್ರೈಸ್ತ ಸಭೆ ಚಿಕ್ಕದು. ಕೊಂಢವಾ ಬಡಾವಣೆಯ ಒಂದು ಬಾಡಿಗೆ ಸಭಾಂಗಣದಲ್ಲಿ ನಾವು ಸೇರುವುದು. ಮನೆಗಳು ಬೆರಳೆಣಿಕೆ, ಪದ್ಧತಿಗಳು ಮಾತ್ರ ರಾಶಿ. ಭಾನುವಾರದ ಆರಾಧನೆಯಲ್ಲಿ ಎರಡು ದೊಡ್ಡ ಪ್ರಾರ್ಥನೆಗಳಿರುತ್ತವೆ. ರೋಗಿಗಳಿಗಾಗಿ ಮಾಡುವುದು ಹೆಂಗಸರ ಪಾಲು. ತಲೆಯ ಮೇಲೆ ಸೆರಗು ಹೊದ್ದು, ಕೂತಲ್ಲೇ ಎದ್ದು ನಿಂತು, ಮೈಕಿಲ್ಲದೆ. ದೇಶಕ್ಕಾಗಿ ಮಾಡುವುದು ಗಂಡಸರ ಪಾಲು. ಮುಂದೆ ಬಂದು, ಗಂಟಲು ಸರಿಮಾಡಿಕೊಂಡು, ಮೈಕಿನಲ್ಲಿ. ಮಂಡಿನೋವು ನಮಗೆ, ಮಂತ್ರಿಮಂಡಲ ಅವರಿಗೆ.

ದೇಶದ ಪ್ರಾರ್ಥನೆ ಹೆಚ್ಚಾಗಿ ಸಮುವೇಲ ಕಾಕಾ ಅವರದೇ. ಸಭೆಯ ಹಿರಿಯರು, ರೈಲ್ವೆಯಲ್ಲಿದ್ದು ನಿವೃತ್ತರಾದವರು, ಬಂಗಾರದಂಥ ಮನುಷ್ಯ. ಆದರೆ ಅವರ ಪ್ರಾರ್ಥನೆ ಪ್ಯಾಸೆಂಜರ್ ಗಾಡಿ. ಕಾಶ್ಮೀರದಲ್ಲಿ ಹೊರಟು, ಪ್ರತಿ ರಾಜ್ಯದಲ್ಲೂ ನಿಂತು, ಕನ್ಯಾಕುಮಾರಿ ಮುಟ್ಟುವಷ್ಟರಲ್ಲಿ ನನಗೆ ಮಧ್ಯಾಹ್ನದ ಅಡುಗೆಯ ಚಿಂತೆ ಹತ್ತಿರುತ್ತದೆ. ಗಡಿ, ಸೈನ್ಯ, ಮಂತ್ರಿಗಳು ಎಲ್ಲ ಬರುತ್ತಾರೆ. ರಾಷ್ಟ್ರಪತಿಯವರಿಗೆ, ಆ ತಾಯಿಗೆ, ಜ್ಞಾನ ಕೊಡು ಎಂದು ಭಕ್ತಿಯಿಂದ ಬೇಡುತ್ತಾರೆ. ಅಲ್ಲಾ, ಹೆಣ್ಣುಮಗಳು ದೇಶದ ಅತಿ ದೊಡ್ಡ ಕುರ್ಚಿಯಲ್ಲಿ ಕೂರಬಹುದು, ಆ ಕುರ್ಚಿಗಾಗಿ ಮೂರು ನಿಮಿಷ ಪ್ರಾರ್ಥನೆ ಮಾಡಬಾರದು! ನೆನೆದರೆ ಮೈ ಉರಿಯುತ್ತದೆ.

ಇಷ್ಟು ಉರಿಯಲು ಕಾರಣ ಮಲ್ಲಮ್ಮ. ನಾನು ಶಾಲೆಯ ಮಾಸ್ತರಿಣಿ. ಕಳೆದ ಚುನಾವಣೆಯಲ್ಲಿ ನನ್ನನ್ನು ಒಂದು ಮತಗಟ್ಟೆಯ ಮುಖ್ಯ ಅಧಿಕಾರಿ ಮಾಡಿದ್ದರು. ಪೊಲೀಸಪ್ಪನೂ ಪಕ್ಷಗಳ ಏಜೆಂಟರೂ ನಾನು ಕೂರೆಂದರೆ ಕೂರುತ್ತಿದ್ದರು, ಏಳೆಂದರೆ ಏಳುತ್ತಿದ್ದರು. ಮಲ್ಲಮ್ಮ ಯಾದಗಿರಿ ಕಡೆಯವಳು, ಕಟ್ಟಡದ ಕೂಲಿ. ಒಂದು ದಿನದ ಕೂಲಿ ಬಿಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಎರಡು ತಾಸು ಸಾಲಿನಲ್ಲಿ ನಿಂತು ಬಂದಿದ್ದಳು. ಕೈಯಲ್ಲಿ ಕಾರ್ಡಿತ್ತು, ಪಟ್ಟಿಯಲ್ಲಿ ಹೆಸರಿರಲಿಲ್ಲ. ಒಂದು ಕಟ್ಟಡ ಮುಗಿದು ಇನ್ನೊಂದಕ್ಕೆ ಶೆಡ್ಡು ಬದಲಾಯಿಸುವಾಗ ಎಲ್ಲೋ ಬಿಟ್ಟುಹೋಗಿತ್ತು. ನಾನು ಅಧಿಕಾರಿಯ ಗತ್ತಿನಲ್ಲಿ ಮರಾಠಿಯಲ್ಲಿ ಹೇಳಿದೆ. ಅವಳು ಕನ್ನಡದಲ್ಲಿ ಕೇಳಿದಳು:

“ನನ್ನ ಹೆಸರು ಎಲ್ಲ್ಯೂ ಇಲ್ಲೇನ್ರಿ, ಅಕ್ಕಾರ?”

ನಿಯಮದಂತೆ ವಾಪಸು ಕಳಿಸಿದೆ. ಮಾಡಿದ್ದು ಸರಿ, ಆದರೆ ಆವತ್ತು ಊಟ ಸೇರಲಿಲ್ಲ. ಅಂದಿನಿಂದ ನನಗೊಂದೇ ಹಟ. ದೇಶದ ಪ್ರಾರ್ಥನೆಯಲ್ಲಿ ಒಂದು ಸಲವಾದರೂ ಆ ಹೆಸರು ಬರಬೇಕು. ಕಾಕಾ ಅವರ ಗಾಡಿ ಆ ಸ್ಟೇಷನ್ನಿನಲ್ಲಿ ನಿಲ್ಲುವುದಿಲ್ಲ.

ಅದಕ್ಕೇ ಗಣರಾಜ್ಯೋತ್ಸವದ ಹಿಂದಿನ ಭಾನುವಾರ ದೇಶದ ಪ್ರಾರ್ಥನೆ ನನಗೆ ಕೊಡಿರೆಂದು ಸಭೆಯ ಸಮಿತಿಯಲ್ಲಿ ಕೇಳಿದೆ. ಹೆಂಗಸರು ಸಭೆಯಲ್ಲಿ ಮೌನವಾಗಿರಬೇಕು ಎಂದು ಅಪೊಸ್ತಲ ಪೌಲನೇ ಬರೆದಿದ್ದಾನಲ್ಲ ಎಂದರು ಕಾಕಾ. ಬರೆದಿದ್ದಾನೆ, ನಾನೂ ಓದಿದ್ದೇನೆ. ಅದೇ ಪೌಲ ಅದೇ ಪತ್ರದಲ್ಲಿ, ಹೆಂಗಸು ಪ್ರಾರ್ಥಿಸುವಾಗ ತಲೆಗೆ ಮುಸುಕಿರಲಿ ಎಂದೂ ಬರೆದಿದ್ದಾನೆ. ಬಾಯಿ ಮುಚ್ಚಿದವಳ ತಲೆ ಮುಚ್ಚಿದರೆಷ್ಟು, ಬಿಟ್ಟರೆಷ್ಟು? ನಮ್ಮ ಹಿರಿಯರು ಮುಸುಕನ್ನು ಇಟ್ಟುಕೊಂಡು ಬಾಯಿಯನ್ನು ಕೈಬಿಟ್ಟರು. ನಾನು ದೆಬೋರಳ ಕಥೆ ತೆಗೆದೆ. ಖರ್ಜೂರದ ಮರದ ಕೆಳಗೆ ಕೂತು ಇಡೀ ಇಸ್ರಾಯೇಲಿಗೆ ನ್ಯಾಯ ಹೇಳಿದ ಹೆಣ್ಣುಮಗಳು ಆಕೆ. ಸೇನಾಪತಿಯೂ ಅವಳು ಜೊತೆಗೆ ಬಾರದೆ ಯುದ್ಧಕ್ಕೆ ಹೆಜ್ಜೆ ಇಡಲಿಲ್ಲ.

“ಅದು ಆಗಿನ ಕಾಲ, ಬಿಡವಾ,” ಎಂದರು ಕಾಕಾ.

“ಪೌಲ ಏನ್ ಈಗಿನ ಕಾಲದವನೇನ್ರಿ, ಕಾಕಾ?”

ಸಭೆಯಲ್ಲಿ ಮೌನವಾಗಿರಬೇಕೆಂಬ ಮಾತನ್ನು ಆರಂಭದಿಂದ ಕೊನೆಯವರೆಗೂ ಪಾಲಿಸಿದವರು ಮಾತ್ರ ಒಬ್ಬರೇ, ಸಮಿತಿಯ ಕಾರ್ಯದರ್ಶಿ. ಅವರು ನನ್ನ ಗಂಡ. ಕೊನೆಗೆ ತೀರ್ಮಾನವಾಯಿತು: ದೇಶ ಕಾಕಾಗೆ, ರೋಗಿಗಳು ನನಗೆ.

ಆ ಭಾನುವಾರ ಸೆರಗು ಹೊದ್ದು ಕೂತಲ್ಲೇ ಎದ್ದು ನಿಂತೆ. ಸ್ಟೀಫನ್ ಮಾಮಾನ ಮಂಡಿ ಆಯಿತು, ರೂತಮ್ಮನ ಸಕ್ಕರೆ ಕಾಯಿಲೆ ಆಯಿತು, ಯಾರದೋ ಹರ್ನಿಯಾ ಆಯಿತು. ಇನ್ನು ಆಮೆನ್ ಹೇಳಿ ಕೂರಬೇಕು. ನಾಲಿಗೆ ಕೂರಲಿಲ್ಲ.

“ಸ್ವಾಮೀ, ರೋಗಿಗಳೊಳಗ ನಮ್ಮ ದೇಶಾನೂ ಅದ. ಅದಕ್ಕ ಮರೆವಿನ ರೋಗ. ಮಲ್ಲಮ್ಮನ ಹೆಸರು ಮರೆತದ. ವಾಸಿ ಮಾಡಪ್ಪಾ.”

ಜನ್ಮದಲ್ಲಿ ಮೊದಲ ಸಲ ಕಣ್ಣು ಮುಚ್ಚಿದ್ದೆ, ಹೆದರಿಕೆಗೆ. ಹಾಗಾಗಿ ಯಾರು ದುರುಗುಟ್ಟಿದರೋ ತಿಳಿಯಲಿಲ್ಲ. ಹೆಂಗಸರ ಕಡೆಯಿಂದ ಆಮೆನ್ ಮಾತ್ರ ಮೈಕಿಲ್ಲದೆಯೂ ಜೋರಾಗಿ ಬಂತು. ಆರಾಧನೆ ಮುಗಿದು ಚಹಾ ಕುಡಿಯುವಾಗ ಕಾಕಾ ಹತ್ತಿರ ಬಂದು, ಆ ಮಲ್ಲಮ್ಮಗ ಏನಾಗೇದವಾ ಎಂದು ಮೆಲ್ಲಗೆ ಕೇಳಿದರು. ಹೇಳಿದೆ. ಬಿಸ್ಕತ್ತು ಚಹಾದಲ್ಲಿ ಕರಗಿ ಬಿದ್ದರೂ ಅವರಿಗೆ ಗೊತ್ತಾಗಲಿಲ್ಲ.

ಪಾಪ, ಕರಗಿದ್ದು ಬಿಸ್ಕತ್ತು ಮಾತ್ರ. ಮುಂದಿನ ವಾರದ ಪಟ್ಟಿ ಗೋಡೆಗೆ ಬಂತು. ದೇಶದ ಪ್ರಾರ್ಥನೆ: ಸಮುವೇಲ ಕಾಕಾ. ರೋಗಿಗಳ ಪ್ರಾರ್ಥನೆಯ ಎದುರಿಗೆ ಮತ್ತೆ ನನ್ನದೇ ಹೆಸರು. ಅದರ ಕೆಳಗೆ ಸಮಿತಿಯ ಅಪ್ಪಣೆಯಂತೆ, ನನ್ನ ಗಂಡನ ಗುಂಡನೆಯ ಅಕ್ಷರದಲ್ಲಿ ಒಂದು ಸೂಚನೆ: ಮನುಷ್ಯರಿಗೆ ಮಾತ್ರ.

ಅಡ್ಡಿಯಿಲ್ಲ. ಮಲ್ಲಮ್ಮ ಮನುಷ್ಯಳೇ.