ಮಗ್ಗದ ಎಣ್ಣೆ ಕುಡಿದ ಕಾರು

ಇವತ್ತು ಬೆಳಿಗ್ಗೆ ಬನಹಟ್ಟಿಯ ನಮ್ಮ ಮಗ್ಗದ ಶೆಡ್ಡಿಗೆ ಕಾಲಿಟ್ಟಾಗ ಐದನೆಯ ಮಗ್ಗ ನಿಂತಿತ್ತು. ಯಾರೋ ಅಳತೆ ಮೀರಿ ಹಾಕಿದ ಮಗ್ಗದ ಎಣ್ಣೆ ಅದರ ಕೆಳಗೆ ಚೆಲ್ಲಿ, ವಾಸನೆ ಬಾಗಿಲವರೆಗೂ ಬಂದಿತ್ತು. ನೇಕಾರ ಸಿದ್ದಪ್ಪ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು, ನಾನು ಕೇಳುವ ಮೊದಲೇ, "ನಾ ಏನೂ ಮುಟ್ಟಿಲ್ರಿ ಅಕ್ಕಾರ" ಎಂದ. ಬಯ್ಯಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿದೆ. ಆ ವಾಸನೆ, ಆ ಮಾತು ಎರಡೂ ಹೀಗೆ ಒಟ್ಟಿಗೆ ಬಂದದ್ದು ನನ್ನ ಬದುಕಿನಲ್ಲಿ ಇದು ಎರಡನೆಯ ಸಲ. ಮೊದಲ ಸಲ ಆ ಮಾತು ಆಡಿದವಳು ನಾನೇ.

ನನ್ನ ಎಡಗಾಲಿನ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ಬರೀ ಕಾರಿನ ಕಥೆಯಾಗಿ ಕಾಣುತ್ತದೆ. ಎರಡನೆಯ ವರ್ಷಕ್ಕೆ ಪೋಲಿಯೊ ಬಂದು ಆ ಕಾಲಿನಲ್ಲಿ ಬಲ ಉಳಿಯಲಿಲ್ಲ. ಕ್ಲಚ್ ಒತ್ತುವುದು ನನ್ನಿಂದ ಆಗದ ಮಾತು. ನಲವತ್ತು ದಾಟುವವರೆಗೆ ಎಲ್ಲಿಗೆ ಹೋಗುವುದಿದ್ದರೂ ಆಟೋಕ್ಕೆ ಕಾಯಬೇಕು, ಇಲ್ಲವೇ ಅಣ್ಣನ ಮುಖ ನೋಡಬೇಕು. ಅಣ್ಣ ಕೆಟ್ಟವನಲ್ಲ. ಆದರೆ "ಬರ್ತೇನಿ ತಡಿ ಬೇ" ಎಂದು ಅವನು ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಜಮಖಂಡಿಯ ನೂಲಿನ ಅಂಗಡಿ ಮುಚ್ಚಿರುತ್ತಿತ್ತು. ಹೀಗಿರುವಾಗ ಕ್ಲಚ್ಚೇ ಇಲ್ಲದ, ಗೇರನ್ನು ತಾನೇ ಬದಲಿಸಿಕೊಳ್ಳುವ ಒಂದು ಹಳೆಯ ಕಾರು ಸಿಕ್ಕಿತು. ಬಣ್ಣ ಮಾಸಿತ್ತು, ಒಂದು ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಮೊದಲ ಸಲ ಒಬ್ಬಳೇ ಜಮಖಂಡಿಗೆ ಹೋದ ದಿನ ನಾನು ಏನನ್ನೂ ಕೊಳ್ಳಲಿಲ್ಲ. ಸುಮ್ಮನೆ ಹೋಗಿ ಸುಮ್ಮನೆ ಬಂದೆ. ಆ ಸುಖವನ್ನು ಎರಡೂ ಕಾಲು ನೆಟ್ಟಗಿರುವವರಿಗೆ ಹೇಗೆ ತಿಳಿಸಲಿ?

ನಮ್ಮಲ್ಲಿ ದಸರೆಯ ಖಂಡೇಪೂಜೆಯ ದಿನ ಮನೆಯ ಯಂತ್ರವೆಂಬ ಯಂತ್ರಕ್ಕೆಲ್ಲ ಎಣ್ಣೆ ಬೀಳಬೇಕು. ಮಗ್ಗಗಳಿಗೆ, ಹೊಲಿಗೆ ಮಿಷನ್ನಿಗೆ, ಕೊನೆಗೆ ಬಾಗಿಲ ಕೀಲಿಗೂ. ಎಣ್ಣೆ ಬಿಟ್ಟ ಮೇಲೆಯೇ ಕುಂಕುಮ. ಕಾರು ಬಂದ ವರ್ಷ ಅದೊಂದನ್ನೇ ಎಣ್ಣೆಯಿಲ್ಲದೆ ಬಿಡಲು ಮನಸ್ಸಾಗಲಿಲ್ಲ. ಅಷ್ಟು ಉಪಕಾರ ಮಾಡಿದ್ದಕ್ಕೆ ತುಸು ಎಣ್ಣೆ ಬೇಡವೇ? ಬಾನೆಟ್ ಎತ್ತಿ, ಕೈಗೆ ಸಿಕ್ಕ ಅಳತೆಕಡ್ಡಿಯನ್ನು ಎಳೆದು, ಆ ಕೊಳವೆಯೊಳಗೆ ಮಗ್ಗದ ಎಣ್ಣೆಯನ್ನು ದೊಡ್ಡದೊಂದು ಲೋಟದಷ್ಟು ಭಕ್ತಿಯಿಂದ ಸುರಿದೆ. ಅದು ಗೇರ್‌ಬಾಕ್ಸಿನ ಕೊಳವೆ ಎಂದು ಯಾರಿಗೆ ಗೊತ್ತಿತ್ತು? ಮಗ್ಗಕ್ಕೆ ಸಲ್ಲದ ಎಣ್ಣೆ ಹಾಕಿದ ನೇಕಾರರನ್ನು ಶೆಡ್ಡು ನಡುಗುವಂತೆ ಬಯ್ಯುತ್ತಿದ್ದ ಬಾಯಿ ನನ್ನದೇ ಎಂಬುದನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ನಾಲ್ಕಾರು ದಿನ ಏನೂ ಆಗಲಿಲ್ಲ. ಆಮೇಲೆ ಕಾರು ಮುನಿಯತೊಡಗಿತು. ಗೇರಿನ ಲಿವರನ್ನು ಮುಂದೆ ಓಡಿಸುವ 'ಡಿ'ಗೆ ಎಳೆದರೆ ಎರಡು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ಹಿಂದಿನಿಂದ ಯಾರೋ ಒದ್ದ ಹಾಗೆ ಜಿಗಿಯುತ್ತಿತ್ತು. ಎರಡನೆಯ ಗೇರಿನಿಂದ ಮೂರಕ್ಕೆ ಹೋಗುವಾಗ ಇಂಜಿನ್ ಕಿರುಚುತ್ತಿತ್ತು, ಗಾಡಿ ಓಡುತ್ತಿರಲಿಲ್ಲ. ಕಬ್ಬಿನ ಹಂಗಾಮು ಶುರುವಾಗಿತ್ತು. ಒಂದು ಮಧ್ಯಾಹ್ನ ಎರಡು ಟ್ರೇಲರಿನ ಟ್ರ್ಯಾಕ್ಟರನ್ನು ದಾಟುತ್ತಿದ್ದೆ, ಎದುರಿಗೆ ಬಸ್ಸು ಬಂತು. ಆಕ್ಸಿಲರೇಟರ್ ಒತ್ತಿದೆ. ಸದ್ದು ಏರಿತು, ವೇಗ ಏರಲಿಲ್ಲ. ಬಸ್ಸಿನವನು ಮಣ್ಣಿಗಿಳಿಸಿದ್ದರಿಂದ ನಾನು ಉಳಿದೆ. 

ಮರುದಿನ ಅಣ್ಣನನ್ನು ಕರೆದುಕೊಂಡು ಜಮಖಂಡಿಯ ಬೀರಪ್ಪನ ಗ್ಯಾರೇಜಿಗೆ ಹೋದೆ. ಬೀರಪ್ಪ ಅವಸರದ ಮನುಷ್ಯನಲ್ಲ. ಕುರಿ ಸಾಕುವ ಮನೆತನದವನು. ಕುರಿಯ ಕೆಮ್ಮು ಕೇಳಿದ ಹಾಗೆ ತಲೆ ವಾರೆ ಮಾಡಿ ಗಾಡಿಯ ಸದ್ದು ಕೇಳುತ್ತಿದ್ದ.

"ತಣ್ಣಗಿದ್ದಾಗ ಜಿಗಿತೈತ್ಯೋ ಅಕ್ಕಾರ, ಕಾದ ಮ್ಯಾಲೋ?"

"ಎರಡೂ ಹೊತ್ತಿನ್ಯಾಗ."

"ರಿವರ್ಸ್ ಹಿಡಿತೈತೇನ್ರಿ?"

"ತಡಾ ಮಾಡಿ ಹಿಡಿತೈತಿ."

ಒಂದು ಸುತ್ತು ಓಡಿಸಿಕೊಂಡು ಬಂದ. ಇಂಜಿನ್ ನಿಲ್ಲಿಸದೆಯೇ ಗೇರ್‌ಬಾಕ್ಸಿನ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದ. ಕೆಂಪಗಿರಬೇಕಾದ ಎಣ್ಣೆ ಕಂದುಬಣ್ಣಕ್ಕೆ ತಿರುಗಿ ನೊರೆ ಕಟ್ಟಿತ್ತು. ಮೂಗಿಗೆ ಹಿಡಿದ.

"ಒಳಗಿನ ಪ್ಲೇಟ್ ಸುಟ್ಟಿದ್ರ ಸುಟ್ಟ ವಾಸನಿ ಬರಬೇಕಾಗಿತ್ತು. ಇದು ಬ್ಯಾರೇನ ಐತಿ. ಯಾರರ ಏನರ ಹಾಕ್ಯಾರೇನ್ರಿ ಇದರಾಗ?"

ಬಟ್ಟೆಯನ್ನು ನನ್ನತ್ತ ಚಾಚಿದ. ಹುಟ್ಟಿದಾಗಿನಿಂದ ಮೂಗಿನಲ್ಲಿರುವ ವಾಸನೆ, ತಿಳಿಯದೇ ಇರುತ್ತದೆಯೇ? ನಮ್ಮ ಮಗ್ಗದ ಎಣ್ಣೆಯದೇ. ಪಕ್ಕದಲ್ಲೇ ಅಣ್ಣ ನಿಂತಿದ್ದ, ಕಾರು ಕೊಳ್ಳುವಾಗ "ನಿನಗ್ಯಾಕ ಬೇ ಇದೆಲ್ಲಾ, ನಾ ಇಲ್ಲೇನು?" ಎಂದಿದ್ದವನು.

"ನಾ ಏನೂ ಮುಟ್ಟಿಲ್ಲ" ಎಂದೆ.

ಬೀರಪ್ಪ ನನ್ನನ್ನು ನಂಬಿದ. "ಹಂಗಾದ್ರ ಬಾಕ್ಸ್ ಬಿಚ್ಚೇ ನೋಡಬೇಕ್ರಿ. ಬಿಚ್ಚಿದ ಮ್ಯಾಲೆ ಮೊದಲಿನಂಗ ಕೂಡತೈತಿ ಅಂತ ಮಾತು ಕೊಡಾಕ ಆಗೂದಿಲ್ಲ. ಇದರ ಸಾಮಾನು ಈ ಕಡೆ ಸಿಗೂದಿಲ್ಲ."

ಅಣ್ಣನಿಗೆ ಕೂಡಲೇ ದಾರಿ ಹೊಳೆಯಿತು. "ಕ್ಲಚ್ ಇರೂ ಸಾದಾ ಗೇರ್‌ಬಾಕ್ಸ್ ಕೂಡಿಸಿಬಿಡು ಬೀರಪ್ಪ. ಎಲ್ಲಾರಿಗೂ ಓಡಸಾಕ ಬರತೈತಿ."

ಎಲ್ಲರಿಗೂ ಎಂದರೆ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ. ಅವನು ಕೇಡು ಬಗೆದು ಹೇಳಿದ್ದಲ್ಲ, ಅದಕ್ಕೇ ಹೆಚ್ಚು ನೋವಾಯಿತು. ಬೀರಪ್ಪ ಪಾನಾ ಹಿಡಿದು ಕಾರಿನ ಕೆಳಗೆ ಸರಿದ. ಮೊದಲ ಬೋಲ್ಟು ಕಿರ್ರೆಂದು ತಿರುಗಿತು. ಸುಳ್ಳನ್ನು ಉಳಿಸಿಕೊಂಡರೆ ಕಾರು ಹೋಗುತ್ತದೆ, ಕಾರನ್ನು ಉಳಿಸಿಕೊಂಡರೆ ಮಾನ ಹೋಗುತ್ತದೆ. ಎರಡನೆಯ ಬೋಲ್ಟು ತಿರುಗಿತು. ಮತ್ತೆ ಆಟೋಕ್ಕೆ ಕಾಯುತ್ತ ಕಟ್ಟೆಯ ಮೇಲೆ ಕುಳಿತ ನಾನು ನನಗೇ ಕಂಡೆ. ಮಾನವೇ ಹೋಗಲಿ ಎನ್ನಲು ಮೂರನೆಯ ಬೋಲ್ಟಿನವರೆಗೆ ಹೊತ್ತು ಬೇಕಾಯಿತು.

"ಬೀರಪ್ಪಾ, ನಿಂದರಪಾ! ನಾನ ಹಾಕೇನಿ. ಖಂಡೇಪೂಜಿ ದಿನ. ಮಗ್ಗದ ಎಣ್ಣಿ."

ಅವನು ಕಾರಿನ ಕೆಳಗಿನಿಂದ ಮುಖ ಹೊರಹಾಕಿದ. ನಗಲಿಲ್ಲ, ಬಯ್ಯಲೂ ಇಲ್ಲ. "ಎಷ್ಟು ಹಾಕೀರಿ?" ಎಂದಷ್ಟೇ ಕೇಳಿದ.

"ಒಂದು ಲೋಟ. ದೊಡ್ಡದು."

"ಛಲೋ ಆತು ಹೇಳಿದ್ರಿ. ತೊಳದು ನೋಡೂಣು."

ಅಣ್ಣ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೆ ಊರಿಗೆ ಬಂದು ಯಾರೊಬ್ಬರಿಗೂ ಹೇಳಲಿಲ್ಲ. ಅದನ್ನು ನಾನು ಮರೆಯುವಂತಿಲ್ಲ.

ಆ ಗೇರ್‌ಬಾಕ್ಸಿನ ಎಣ್ಣೆ ಒಂದೇ ಸಲಕ್ಕೆ ಪೂರ್ತಿ ಇಳಿಯುವುದಿಲ್ಲವಂತೆ. ಇಳಿಸಿ, ಸರಿಯಾದ ಕೆಂಪೆಣ್ಣೆ ತುಂಬಿ, ಓಡಿಸಿ, ಮತ್ತೆ ಇಳಿಸಿ, ಹೀಗೆ ಮೂರು ದಿನ ಮೂರು ಸಲ. ಕೊನೆಗೆ ಬೀರಪ್ಪ ಚಾವಿಯನ್ನು ನನ್ನ ಕೈಗಿಟ್ಟ. "ನೀವ ಓಡಸ್ರಿ. ಇದರ ಚಾಳಿ ನಿಮಗ ಗೊತ್ತೈತಿ."

ಮುಧೋಳ ರಸ್ತೆಗೆ ಇಳಿದೆವು. ಮೊದಲನೆಯ ಗೇರು ಹಿಡಿಯಿತು, ಎರಡನೆಯದೂ ಹಿಡಿಯಿತು. ಮುಂದೆ ಕಬ್ಬಿನ ಟ್ರ್ಯಾಕ್ಟರ್, ಎದುರಿಗೆ ರಸ್ತೆ ಖಾಲಿ. ಒತ್ತಿದೆ. ಸದ್ದು ಏರಿತು, ಏರುತ್ತಲೇ ಹೋಯಿತು. ಹಿಂದಿನ ಸೀಟಿನಲ್ಲಿದ್ದ ಅಣ್ಣ ನನ್ನ ಸೀಟಿನ ಬೆನ್ನು ಹಿಡಿದುಕೊಂಡ. ಆಮೇಲೆ ಸಣ್ಣದೊಂದು ಜಗ್ಗಿನೊಡನೆ ಮೂರನೆಯ ಗೇರು ಹಿಡಿಯಿತು. ಸದ್ದು ಇಳಿಯಿತು, ಕಾರು ಟ್ರ್ಯಾಕ್ಟರನ್ನು ದಾಟಿತು. ನಾನು ಅತ್ತುಬಿಟ್ಟೆ. ಬೀರಪ್ಪ ಕಿಟಕಿಯಾಚೆಯ ಕಬ್ಬನ್ನು ನೋಡುತ್ತ ಕುಳಿತ.

ಕಾರು ಇಂದಿಗೂ ಇದೆ, ಆ ಸಣ್ಣ ಜಗ್ಗೂ ಇದೆ. ಹಾಗಿದ್ದೂ ಇಷ್ಟು ವರ್ಷ ಶೆಡ್ಡಿನಲ್ಲಿ ನನ್ನ ಬಾಯಿ ಮಾತ್ರ ಮೊದಲಿನಂತೆಯೇ ಇತ್ತು ಎನ್ನಲು ನಾಚಿಕೆಯಾಗುತ್ತದೆ. ಇವತ್ತು ಸಿದ್ದಪ್ಪನ ಮುಂದೆ ಸ್ಟೂಲು ಎಳೆದುಕೊಂಡು ಕುಳಿತೆ. "ನಾನೂ ಒಮ್ಮೆ ಹಿಂಗ ಅಂದಿದ್ನಿ ಸಿದ್ದಪ್ಪಾ" ಎಂದು ಈ ಕಥೆಯನ್ನೆಲ್ಲ ಮೊದಲಿನಿಂದ ಹೇಳಿದೆ. ಮೂರನೆಯ ಬೋಲ್ಟಿಗೆ ಬರುವ ಹೊತ್ತಿಗೆ ಅವನ ಕೈಗಳು ಬೆನ್ನ ಹಿಂದಿನಿಂದ ಮುಂದೆ ಬಂದಿದ್ದವು. ಎರಡೂ ಅಂಗೈಗೆ ಎಣ್ಣೆ.

"ಎಷ್ಟು ಹಾಕೀದಿ?" ಎಂದಷ್ಟೇ ಕೇಳಿದೆ.