ಕನ್ನಡಿಯಲ್ಲಿ ಅಲುಗಿದ ತುಟಿ

ಗಾಜಿನ ಅಂಗಡಿಯ ಯಜಮಾನಿಯನ್ನು ಬೀದಿಯವರೆಲ್ಲ ಗಾಜಕ್ಕ ಎಂದೇ ಕರೆಯುತ್ತಿದ್ದರು. ಕಿಟಕಿಯ ಗಾಜು, ಫೋಟೋ ಕಟ್ಟು, ಯಾವುದಕ್ಕೂ ಅವಳೇ ಬೇಕು. ಆದರೆ ಎರಡು ಮೊಳ ಮೀರಿದ ಗಾಜಿಗೆ ಅವಳು ಕೈ ಹಾಕಿದವಳಲ್ಲ. ಅದೇನಿದ್ದರೂ ಅಪ್ಪನ ಕಾಲದ ಮುದಿ ಮೇಸ್ತ್ರಿಯ ಪಾಲು.

ಹದಿನೇಳರ ವಯಸ್ಸಿನಲ್ಲಿ, ಅಪ್ಪನ ಎದುರು ಮೊದಲ ದೊಡ್ಡ ಗಾಜು ಕೊಯ್ಯುವಾಗ ಅರ್ಧದಲ್ಲಿ ಅವಳ ಕೈ ಅಳುಕಿತ್ತು. ಗಾಜು ಗೆರೆ ಬಿಟ್ಟು ಓರೆಯಾಗಿ ಸೀಳಿತು. ಅಪ್ಪ ಕೂಗಾಡಲಿಲ್ಲ. ತಣ್ಣಗೆ, "ನಿನ್ನ ಕೈ ಮುಟ್ಟಿದ್ದೆಲ್ಲ ಒಡೆಯುತ್ತೆ" ಎಂದು ಪೊರಕೆ ತರಲು ಹೋದ.

ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮಾತು ಮಾತ್ರ ಸತ್ತಿರಲಿಲ್ಲ. ಹಾಲು ಕಾಯಿಸುವಾಗ, ಬೀಗ ತೆಗೆಯುವಾಗ, ಬಂದ ಸಂಬಂಧವೊಂದು ಮುರಿದು ಹೋದಾಗ, ಬೆನ್ನ ಹಿಂದೆ ಯಾರೋ ನಿಂತು ಹೇಳಿದ ಹಾಗೆ ಕೇಳುತ್ತಿತ್ತು. ತಿರುಗಿ ನೋಡಿದರೆ ಗೋಡೆಗೆ ಒರಗಿಸಿದ ಗಾಜುಗಳು. ಅವುಗಳೊಳಗೆ ಒಂದರ ಹಿಂದೊಂದು ಅವಳದೇ ಮಸುಕು ಮುಖಗಳು.

ಆ ಬೇಸಿಗೆಯಲ್ಲಿ ಮೇಸ್ತ್ರಿ ಕಣ್ಣಿಗೆ ಪೊರೆ ಬಂದು ಮನೆ ಹಿಡಿದ. ಅದೇ ವಾರ ಕ್ಷೌರದಂಗಡಿಯವನು ಬಂದ.

"ಅಕ್ಕಾ, ಗೋಡೆಯಗಲ ಒಂದೇ ಕನ್ನಡಿ ಬೇಕು. ಮಧ್ಯ ಜೋಡಣೆ ಇದ್ರೆ ಗಿರಾಕಿಗೆ ಮೂಗು ಎರಡಾಗಿ ಕಾಣ್ಸುತ್ತೆ, ನಾನೇ ಕುಯ್ದೆ ಅಂತಾರೆ."

ನಕ್ಕು ಒಪ್ಪಿಕೊಂಡವಳು, ಅವನು ಬೀದಿ ದಾಟುವಷ್ಟರಲ್ಲಿ ಬೆವತುಹೋಗಿದ್ದಳು.

ಮೂರು ದಿನ, ತರಿಸಿದ ದೊಡ್ಡ ಕನ್ನಡಿ ಮೇಜಿನ ಕಂಬಳಿಯ ಮೇಲೆ ಸುಮ್ಮನೆ ಮಲಗಿತ್ತು. ನಾಲ್ಕನೆಯ ದಿನ ಮಧ್ಯಾಹ್ನ, ಅಮ್ಮ ಬುತ್ತಿ ತಂದು ಬಾಗಿಲ ಬಳಿ ಕೂತಿದ್ದಾಗ, ಅವಳು ಗಾಜು ಕೊಯ್ಯುವ ಪುಟ್ಟ ಚಕ್ರವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಅಳತೆಪಟ್ಟಿ ಒತ್ತಿಟ್ಟು ಬಗ್ಗಿದಳು. ಅಪ್ಪನ ಅದೇ ಮಾತು ಕೇಳಿಸಿತು. ಕೆಳಗೆ ಕನ್ನಡಿಯಲ್ಲಿ ಅವಳ ತುಟಿ ಅಲುಗುತ್ತಿತ್ತು.

ಇಷ್ಟು ವರ್ಷ ಬೆನ್ನಿಗೆ ಬಿದ್ದಿದ್ದ ದನಿ ಅವಳ ಬಾಯಿಂದಲೇ ಬರುತ್ತಿತ್ತು.

"ಅಮ್ಮಾ, ಈಗ ನಾನೇನಾದ್ರೂ ಅಂದ್ನಾ?"

"ಇದೇನು ಹೊಸದಾ? ದಿನಾ ಗೊಣಗ್ತೀಯ. ನಿಮ್ಮಪ್ಪಂದೇ ಬಾಯಿಪಾಠ."

"ಅಪ್ಪ ನಂಗೆ ಅಂದಿದ್ದು ಒಂದೇ ಸಲ."

"ನಿಂಗೆ ಒಂದು ಸಲ. ತಮಗೆ ತಾವು ದಿನಾ ಅಂದ್ಕೋತಿದ್ರು ಕಣೇ. ಗಾಜಿಗೆ ಬಗ್ಗಿದ್ರೆ ಸಾಕು, 'ನನ್ನ ಕೈ ಮುಟ್ಟಿದ್ದೆಲ್ಲ ಒಡೆಯುತ್ತೆ' ಅಂತ. ಹಂಗೆ ಹೆದರ್ಕೊಂಡೇ ಮೂವತ್ತು ವರ್ಷ ಕೊಯ್ದ್ರು."

ಗಾಜಕ್ಕ ಚಕ್ರವನ್ನು ಮತ್ತೊಮ್ಮೆ ಸೀಮೆಎಣ್ಣೆಯಲ್ಲಿ ಅದ್ದಿದಳು. ಕಲ್ಲಿನಂಥ ಅಪ್ಪನನ್ನು ಹೆದರಿದ ಮನುಷ್ಯನಾಗಿ ಅವಳು ಎಂದೂ ಕಂಡಿರಲಿಲ್ಲ. ಪಕ್ಕದಲ್ಲಿ ಹೆದರಿ ನಿಂತ ಯಾರನ್ನೋ ಸಮಾಧಾನಪಡಿಸುವಂತೆ, "ಒಡೆದ್ರೆ ಒಡೀಲಿ, ಇನ್ನೊಂದು ತರೋಣ" ಎಂದು ಜೋರಾಗಿಯೇ ಹೇಳಿ ಚಕ್ರ ಎಳೆದಳು. ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ನಿಲ್ಲಿಸಲಿಲ್ಲ. ಗೆರೆಯನ್ನು ಮೇಜಿನ ಅಂಚಿಗೆ ತಂದು ಒತ್ತಿದಳು. ಟಕ್ ಎಂದು ಕನ್ನಡಿ ಗೆರೆಯುದ್ದಕ್ಕೂ ನೇರವಾಗಿ ಎರಡಾಯಿತು. ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಚೂರು ಹಾರಿತ್ತು. ಚೌಕಟ್ಟಿನೊಳಗೆ ಅದು ಕಾಣುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವಾಗ ದನಿ ಮತ್ತೆ ಬಂತು. ಆಮೇಲೂ ಬರುತ್ತಲೇ ಇತ್ತು. ಕೆಲವು ದಿನ ಅದರದೇ ಮೇಲುಗೈಯಾಗಿ ಅವಳು ಬೇಗ ಬಾಗಿಲು ಹಾಕಿ ಹೋಗುತ್ತಿದ್ದಳು. ಆದರೆ ದೊಡ್ಡ ಗಾಜು ಕೇಳಿ ಬಂದವರನ್ನು ವಾಪಸು ಕಳಿಸಲಿಲ್ಲ. ಮುಂದಿನ ತಿಂಗಳು ಬಸ್ ನಿಲ್ದಾಣಕ್ಕೆ ಆಳೆತ್ತರದ ಏಳು ಗಾಜು ಕೊಯ್ದಳು. ಎರಡು ಒಡೆದವು. ಕೈ ತೊಳೆದುಕೊಂಡು ಬಂದು ಮತ್ತೆರಡು ಕೊಯ್ದಳು.