ತಂಗಿಯ ಚಟ್ನಿ, ಅಪ್ಪನ ಬೈಗುಳ

ದೋಸ್ತರೇ, ಇವತ್ತು ನಮ್ಮಪ್ಪನಿಗೆ ಬೈಯಲು ಬರಲಿಲ್ಲ!

ತಂಗಿ ಶಿಲ್ಪಾ ಶೇಂಗಾ ಚಟ್ನಿ ಕುಟ್ಟುವ ರೀಲ್ಸ್ ಹಾಕಿ, ಯರಗುಪ್ಪಿಯಿಂದ ಊರೂರಿಗೆ ಪಾರ್ಸೆಲ್ ಕಳಿಸುತ್ತಾಳೆ. ಹಿಂದೊಮ್ಮೆ ಅಪ್ಪ ನಡುವೆ ಬಂದು, “ಬೆಳಗಾದ್ರ ಮೊಬೈಲ್ ಹಿಡೀತಿ, ಬ್ಯಾರೆ ಉದ್ಯೋಗ ಇಲ್ಲೇನ ನಿನಗ?” ಎಂದು ಬೈದದ್ದೂ ರೆಕಾರ್ಡಾಗಿ, ಚಟ್ನಿಗಿಂತ ಜೋರಾಗಿ ಓಡಿತು. ಅಂದಿನಿಂದ ಗಿರಾಕಿಗಳಿಗೆ ಚಟ್ನಿಯ ಜೊತೆ ಅಪ್ಪನ ಬೈಗುಳವೂ ಬೇಕು.

ಇವತ್ತು ಶಿಲ್ಪಾ ಕರೆದದ್ದೇ ತಡ, ಅಪ್ಪ ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು ಬಂದು ನಿಂತ. “ಛಲೋ ಕುಟ್ಟಾಕತ್ತಿ ನೋಡವಾ,” ಎಂದ.

“ಯಪ್ಪಾ, ಬೈ ಅಂದ್ರ ಹೊಗಳಾಕತ್ತಿಯಲ್ಲ!” ತಂಗಿ ಹಣೆ ಚಚ್ಚಿಕೊಂಡು ಫೋನನ್ನು ಚಾರ್ಜಿಗೆ ಹಾಕಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಬಸಣ್ಣ ಕಾಕಾ ಬಾಗಿಲಲ್ಲಿ ಇಣುಕಿ, “ಹೆಣ್ಣಹುಡುಗಿ ಹಿಂಗ ಮೊಬೈಲ್ ಹಿಡಕೊಂಡ ಕುಂತ್ರ ಮುಂದ ಹ್ಯಾಂಗಪಾ?” ಎಂದ.

ಅಪ್ಪ ಸಿಡಿದೆದ್ದ. “ಲೇ ಬಸ್ಯಾ, ನನ್ನ ಮಗಳು ಓಣ್ಯಾಗಿನ ನಾಕ ಹೆಣ್ಮಕ್ಕಳಿಗೆ ಕೆಲಸಾ ಕೊಟ್ಟಾಳ. ನೀ ದಿನಾ ಕಟ್ಟಿ ಮ್ಯಾಲ ಕುಂತ ಏನ ಕಡದ ಗುಡ್ಡಿ ಹಾಕೀದಿ? ಬ್ಯಾರೆ ಉದ್ಯೋಗ ಇಲ್ಲೇನ ನಿನಗ?”

ಅಪ್ಪ ಇಷ್ಟು ಚೆಂದ ಬೈದದ್ದನ್ನು ನಾನು ಕೇಳಿಯೇ ಇರಲಿಲ್ಲ. ಫೋನು ಮಾತ್ರ ಚಾರ್ಜಿನಲ್ಲಿತ್ತು. ಗಿರಾಕಿಗಳು ಈ ಸಲ ನನ್ನ ಈ ಪೋಸ್ಟ್ ಓದಿಯೇ ಬೈಸಿಕೊಳ್ಳಬೇಕು.